ಆಪ್ತಸಲಹೆ ಪ್ರಕರಣ: ಯಾರಿಗೂ ಹೇಳದೆ ಮೈಸೂರಿಗೆ

(ಹೆಸರು, ಊರು, ಮನೆಯ ವಿವರ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಜನವರಿ ಕೊನೆಯಲ್ಲಿ ರೋಬಸ್ಟಾ ಕೊಯ್ಲು ಜೋರಾಗಿರುವಾಗ ತೋಟದವರು ಯಾರೂ ಮಡಿಕೇರಿಗೆ ಆಪ್ತಸಲಹೆಗೆಂದು ಬರುವುದಿಲ್ಲ. ಕಣದಲ್ಲಿ ಹರವಿದ ಕಾಫಿಯನ್ನು ಬಿಟ್ಟು ಹೋಗಬೇಕಾದಂಥ ಕಾಯಿಲೆ ಮನಸ್ಸಿಗೂ ಬರುತ್ತದೆ ಎಂಬುದನ್ನು ನಮ್ಮ ಜಿಲ್ಲೆ ಇನ್ನೂ ಪೂರ್ತಿ ನಂಬಿಲ್ಲ. ಮುತ್ತಮ್ಮ ಬಂದದ್ದೂ ತಾವಾಗಿ ಅಲ್ಲ. ವಿರಾಜಪೇಟೆ ಕಡೆಯ ಅವರ ಡಾಕ್ಟರು ಚೀಟಿ ಬರೆದು ಕಳಿಸಿದ್ದರು: ಬಿಪಿ ಏರಿದೆ, ಎರಡು ವಾರದಿಂದ ನಿದ್ದೆ ಇಲ್ಲ, ಕಾರಣ ಹೇಳುತ್ತಿಲ್ಲ.

ವಯಸ್ಸು 54. ಗಂಡ ತೀರಿಕೊಂಡು ಮೂರು ವರ್ಷ. ತೋಟ, ಮೆಣಸು, ಎರಡು ಕೋಣೆಯ ಹೋಂಸ್ಟೇ ಎಲ್ಲ ಒಬ್ಬರೇ ನೋಡಿಕೊಳ್ಳುತ್ತಾರೆ. ಮಗಳು ಬೆಂಗಳೂರಲ್ಲಿ. ಮಗನ ಮದುವೆ ಏಪ್ರಿಲ್‌ಗೆ ನಿಶ್ಚಯವಾಗಿದೆ. ಅರ್ಧ ಗಂಟೆ ಕೂಲಿಯಾಳುಗಳ ಕಷ್ಟ, ಆನೆ ಕಾಟ ಎಲ್ಲ ಮಾತಾಡಿದ ಮೇಲೆ ಬ್ಯಾಗಿನಿಂದ ಒಂದು ರಸೀದಿ ತೆಗೆದು ಮೇಜಿನ ಮೇಲಿಟ್ಟರು. ಮೈಸೂರಿನ ಒಂದು ಕ್ಲಿನಿಕ್ಕಿಗೆ ಕಟ್ಟಿದ 25,000 ರೂಪಾಯಿ ಮುಂಗಡ. ಭಾನುವಾರದೊಳಗೆ ಕಟ್ಟಿದರೆ ರಿಯಾಯಿತಿ ಎಂದಿದ್ದರಂತೆ.

"ಮುಖ ಎತ್ತಿಸೋದು ಮೇಡಂ. ಫೇಸ್‌ಲಿಫ್ಟ್. ಬೆಳಿಗ್ಗೆ ಹೋಗಿ ಮಾಡಿಸ್ಕೊಂಡು ಮಾರನೇ ದಿನವೇ ವಾಪಸ್ ಬರ್ತೀನಿ. ಯಾರಿಗೂ ಗೊತ್ತಾಗಲ್ಲ ಅಂದ್ರು."

ಇಂಥದನ್ನು ಕೇಳಿದ ಕೂಡಲೇ "ಈ ವಯಸ್ಸಿನಲ್ಲಿ ಯಾಕಕ್ಕ" ಎನ್ನುವುದು ಸುಲಭ. ಊರಿನವರು ಹೇಗೂ ಅದನ್ನೇ ಹೇಳುತ್ತಾರೆ. ಅದಕ್ಕೆ ನಾನು ಬೇಕಾಗಿಲ್ಲ. ಮಾಡಿಸಿ, ಬೇಡ ಎನ್ನುವುದು ನನ್ನ ಕೆಲಸವಲ್ಲ. ಆಸೆ ಯಾರದು, ಎಷ್ಟು ದಿನದ್ದು, ಅದರಿಂದ ಏನು ಬದಲಾಗುತ್ತದೆ ಎಂದುಕೊಂಡಿದ್ದಾರೆ ಎಂದು ಮೊದಲು ಕೇಳಬೇಕು. ದಿನಕ್ಕೆ ಎಷ್ಟು ಹೊತ್ತು ಕನ್ನಡಿ ಮುಂದೆ ಕಳೆಯುತ್ತೀರಿ, ಮುಖದ ಚಿಂತೆಯಿಂದ ಯಾವುದಾದರೂ ಸಮಾರಂಭ ತಪ್ಪಿಸಿದ್ದೀರಾ, ಬೇರೆಯವರಿಗೆ ಕಾಣದ ದೋಷ ನಿಮಗೆ ಮಾತ್ರ ಕಾಣುತ್ತದೆಯಾ ಎಂದೂ ಕೇಳಿದೆ. ಇಲ್ಲದ ದೋಷವನ್ನು ದಿನವಿಡೀ ಹುಡುಕುವ ಮನೋವ್ಯಾಧಿ ಒಂದಿದೆ. ಅದಿದ್ದವರಿಗೆ ಚಾಕು ತಗುಲಿದರೆ ಸಮಾಧಾನ ಸಿಗುವುದು ಅಪರೂಪ, ಇನ್ನೊಂದು ದೋಷ ಹುಟ್ಟಿಕೊಳ್ಳುತ್ತದೆ. ಮುತ್ತಮ್ಮನವರದು ಹಾಗಿರಲಿಲ್ಲ. ಗಂಡ ಹೋದ ಮೇಲೆ 14 ಕೆ.ಜಿ. ಇಳಿದಿದ್ದರು. ದವಡೆಯ ಅಂಚು ಜೋತಿತ್ತು, ಕತ್ತಿನಲ್ಲಿ ಎರಡು ಪಟ್ಟಿ ಎದ್ದಿದ್ದವು. ಅದು ನನಗೂ ಕಾಣುತ್ತಿತ್ತು.

ಮೊದಲ ದಿನ ಹೇಳಿದ ಕಾರಣ ಮದುವೆಯ ಫೋಟೋ. ಎರಡನೇ ಭೇಟಿಯಲ್ಲಿ ನಿಜ ಬಂತು.

"ಎಲ್ಲಿ ಹೋದ್ರೂ 'ಪಾಪ, ಎಷ್ಟು ಸೊರಗಿ ಹೋಗಿದ್ದೀರಿ' ಅಂತಾರೆ. ನಾನು ಚೆನ್ನಾಗೇ ಇದ್ದೀನಿ ಮೇಡಂ. ಗೋಣಿಕೊಪ್ಪದಲ್ಲಿ ಕಾಫಿ ತಗೊಳ್ಳೋನು ಮುಖ ನೋಡಿದ ಕೂಡಲೇ ರೇಟು ಇಳಿಸ್ತಾನೆ. ಇವಳ ಕೈಲಿ ಆಗಲ್ಲ, ಕೊಟ್ಟುಬಿಡ್ತಾಳೆ ಅಂತ. ಒಳಗಿರೋ ನಾನೇ ಬೇರೆ, ಈ ಮುಖ ಹೇಳೋದೇ ಬೇರೆ."

ಇದು ನನಗೆ ನ್ಯಾಯವಾದ ಕಾರಣವೆಂದೇ ಅನಿಸಿತು, ಅದನ್ನೇ ಹೇಳಿದೆ. ಹೋದವರನ್ನು ಮರಳಿ ತರಲೆಂದೋ ಯಾರನ್ನಾದರೂ ಮೆಚ್ಚಿಸಲೆಂದೋ ಬಂದಿದ್ದರೆ ಬೇರೆ ಮಾತಾಡುತ್ತಿದ್ದೆ. ಹೊಸ ಮುಖ ಕಂಡು ಕಾಫಿ ವ್ಯಾಪಾರಿ ರೇಟು ಏರಿಸುತ್ತಾನೆಂಬ ಭರವಸೆ ಬೇಡ ಎಂದಾಗ ನಕ್ಕರು. ಆ ಕೋಣೆಯಲ್ಲಿ ಅವರು ನಕ್ಕದ್ದು ಅದೇ ಮೊದಲು.

ನನಗೆ ಭಯವಾದದ್ದು ಬೇರೆಯದಕ್ಕೆ. ಅವರ ಒಂದೊಂದು ಆಯ್ಕೆಯನ್ನೂ ಗುಟ್ಟೇ ಮಾಡಿತ್ತು. ಅವರು ಫೇಸ್‌ಲಿಫ್ಟ್ ಎಂದದ್ದು ಚರ್ಮದಡಿ ದಾರ ಹಾಕಿ ಎಳೆಯುವ 'ದಾರದ ಲಿಫ್ಟ್', ಒಂದೇ ದಿನದ್ದೆಂದು ಅದನ್ನು ಆರಿಸಿದ್ದರು. ಗುರುತಿನವರು ಯಾರೂ ಹೋಗದ ಜಾಗವೆಂದು ಆ ಕ್ಲಿನಿಕ್. ಜೊತೆಗೆ ಯಾರೂ ಬೇಡವೆಂದು ಬಸ್ಸು. ಹಾಳೆಯಲ್ಲಿ 'ಕಾಸ್ಮೆಟಿಕ್ ಸರ್ಜನ್' ಎಂದಿತ್ತು, ಆ ಹೆಸರಿನ ಹಿಂದೆ ಯಾವ ಡಿಗ್ರಿಯಿದೆ ಎಂದು ಬರೆದಿರಲಿಲ್ಲ. ಅವರೂ ಕೇಳಿರಲಿಲ್ಲ, ಕೇಳಿದರೆ ಮಾತು ಬೆಳೆಯುತ್ತದಲ್ಲ. ಡಾಕ್ಟರನ್ನು ಅವರು ನೋಡಿಯೇ ಇರಲಿಲ್ಲ. ಮಾತಾಡಿದ್ದು, ಹಣ ತಗೊಂಡದ್ದು ಒಬ್ಬ ಮ್ಯಾನೇಜರ್ ಹುಡುಗಿ.

ನಾನು ಸರ್ಜನ್ ಅಲ್ಲ. ಆದರೂ ಈ ವಿಷಯ ಹಿಡಿದು ಬರುವವರಿಗಾಗಿ ತಜ್ಞರನ್ನು ಕೇಳಿ ತಿಳಿದುಕೊಂಡಿದ್ದನ್ನು ಅವರ ಮುಂದೆ ಇಟ್ಟೆ. ದಾರ ಹಾಕಿ ಎಳೆಯುವುದು ಫೇಸ್‌ಲಿಫ್ಟೇ ಅಲ್ಲ. ಚರ್ಮ ಸ್ವಲ್ಪ ಸಡಿಲವಾದವರಿಗೆ ಕೆಲವು ತಿಂಗಳ ಮಟ್ಟಿಗೆ ಎತ್ತಿದಂತೆ ಕಾಣಬಹುದು, ಜೋತ ಕತ್ತಿಗೆ ಅದು ಸಾಲದು. ನಿಜವಾದ ಶಸ್ತ್ರಚಿಕಿತ್ಸೆಯಲ್ಲಿ ಕಿವಿಯ ಮುಂದೆ ಹಿಂದೆ ಗೀರಿ, ಹೆಚ್ಚಾದ ಚರ್ಮವನ್ನು ತೆಗೆಯುತ್ತಾರೆ. ಬರೀ ಚರ್ಮ ಎಳೆದು ಹೊಲಿದರೆ ಬಿಗಿತವೆಲ್ಲ ಹೊಲಿಗೆಯ ಮೇಲೆ ಬಿದ್ದು ಗಾಯದ ಗುರುತು ಅಗಲವಾಗುತ್ತದೆ, ಕಿವಿಯ ಹಾಲೆ ಕೆಳಗೆ ಜಗ್ಗುತ್ತದೆ. ಚರ್ಮದಡಿ ಸ್ನಾಯುವಿಗೆ ಅಂಟಿದ ಪದರವೊಂದಿದೆ, ಸರ್ಜನರು ಅದನ್ನು ಎಸ್‌ಎಂಎಎಸ್ ಎನ್ನುತ್ತಾರೆ. 1976ರಲ್ಲಿ ಮಿಟ್ಜ್ ಮತ್ತು ಪೇರೋನಿ ಎಂಬ ವೈದ್ಯರು ಅದನ್ನು ವಿವರಿಸಿದ ಮೇಲೆ ಆ ಪದರವನ್ನೇ ಎತ್ತಿ ಬಿಗಿಯುವುದು ರೂಢಿಯಾಯಿತು. ಅದರ ಕೆಳಗಿನಿಂದಲೇ ಬಿಡಿಸಿ ಎತ್ತುವ 'ಡೀಪ್ ಪ್ಲೇನ್' ವಿಧಾನ 1990ರ ಹೊತ್ತಿನದು. ಗೀರು ಚಿಕ್ಕದಾಗಿರುವ ಮಿನಿ ಲಿಫ್ಟ್ ದವಡೆ ಈಗಷ್ಟೇ ಜೋಲತೊಡಗಿದವರಿಗೆ. ಕತ್ತಿನ ಪಟ್ಟಿ ಹೋಗಬೇಕಾದರೆ ಹಲವು ಸಲ ಗಲ್ಲದ ಕೆಳಗೂ ಗೀರಿ ಕತ್ತಿನ ಸ್ನಾಯುವನ್ನು ಹೊಲಿಯಬೇಕಾಗುತ್ತದೆ. ಬಿಸಿಲಿನ ಕಪ್ಪು ಕಲೆ, ಹಣೆಯ ಗೆರೆ, ಕಣ್ಣ ಕೆಳಗಿನ ಚೀಲ ಇವ್ಯಾವುದೂ ಇದರಿಂದ ಹೋಗುವುದಿಲ್ಲ. ಅವರಿಗೆ ಯಾವುದು ಸರಿ ಎನ್ನುವುದನ್ನು ಮುಖ ಮುಟ್ಟಿ ನೋಡಿದ ಸರ್ಜನ್ ಮಾತ್ರ ಹೇಳಬೇಕು.

ಇನ್ನು 'ಮಾರನೇ ದಿನವೇ ವಾಪಸ್'. ನಿಜವಾದ ಫೇಸ್‌ಲಿಫ್ಟ್ ಆದವರಿಗೆ ಹೆಚ್ಚಾಗಿ ಬರುವ ತೊಂದರೆ ಚರ್ಮದಡಿ ರಕ್ತ ಹೆಪ್ಪುಗಟ್ಟುವುದು, ಅದೂ ಬಹುಪಾಲು ಮೊದಲ 24 ಗಂಟೆಯಲ್ಲಿ. ಬಿಪಿ ಏರಿದವರಿಗೆ ಅಪಾಯ ಜಾಸ್ತಿ. ಮುಖದ ಒಂದು ಬದಿ ಇದ್ದಕ್ಕಿದ್ದಂತೆ ಊದಿ ನೋವು ಬಂದರೆ ತಕ್ಷಣ ಬಿಚ್ಚಿ ರಕ್ತ ತೆಗೆಯಬೇಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ರಾತ್ರಿ ಎರಡು ಗಂಟೆಗೆ ತೋಟದ ಒಂಟಿ ಮನೆಯಲ್ಲಿ ಕೆನ್ನೆ ಊದಿದರೆ ಯಾರನ್ನು ಕರೆಯುತ್ತೀರಿ ಎಂದು ಕೇಳಿದೆ. "ರೈಟರನ್ನು" ಎಂದರು, ತೋಟದ ಲೆಕ್ಕ ಬರೆಯುವವನನ್ನು. ಆಮೇಲೆ ತಾವೇ "ಅವನಿಗೂ ಹೇಳಿರಲ್ಲ ಅಲ್ವಾ" ಎಂದು ಸುಮ್ಮನಾದರು.

ನೀವು ಬೀಡಿ ಸಿಗರೇಟು ಸೇದುತ್ತೀರಾ ಎಂಬ ಕ್ಲಿನಿಕ್ಕಿನ ಫಾರಂನ ಪ್ರಶ್ನೆಗೆ 'ಇಲ್ಲ' ಎಂದು ಬರೆದಿದ್ದರು. ಸುಳ್ಳೇನಲ್ಲ. ಆದರೆ ಮಾತಿನ ಮಧ್ಯೆ ಎರಡು ಸಲ ಎದ್ದು ಹೊರಗೆ ಹೋಗಿ ಬಂದಿದ್ದರು. ಎಲೆ ಅಡಿಕೆ, ಜೊತೆಗೆ ಹೊಗೆಸೊಪ್ಪು, ದಿನಕ್ಕೆ ಎಂಟು ಹತ್ತು ಸಲ. ಹೊಗೆಯಾಗಲಿ ಸೊಪ್ಪಾಗಲಿ ನಿಕೋಟಿನ್ ಒಂದೇ. ಸಣ್ಣ ರಕ್ತನಾಳಗಳು ಸಂಕುಚಿಸಿ, ಎತ್ತಿ ಹೊಲಿದ ಚರ್ಮಕ್ಕೆ ರಕ್ತ ಸಾಲದೆ ಅದು ಕಪ್ಪಾಗಿ ಸಾಯಬಹುದು. ಕಿವಿಯ ಹಿಂಬದಿಯ ಚರ್ಮಕ್ಕೆ ಅದರ ಭಯ ಹೆಚ್ಚು. ಕಡೇ ಪಕ್ಷ ನಾಲ್ಕು ವಾರ ಮೊದಲೇ ಬಿಡಬೇಕು. ಫಾರಂ ಮಾಡುವವರು ನಮ್ಮ ಕಡೆಯ ಹೆಂಗಸರ ಎಲೆಪೆಟ್ಟಿಗೆ ನೋಡಿಲ್ಲವೋ ಏನೋ; ಆ ಪ್ರಶ್ನೆಯನ್ನು ಬೇರೆಯಾಗಿಯೇ ಕೇಳಬೇಕು.

ನಾನು ಕೊಟ್ಟ ಸಲಹೆ ಇಷ್ಟು. ಮದುವೆಗೆ ಮೊದಲು ಬೇಡ. ಊತ, ನೀಲಿಗಟ್ಟಿದ್ದು ಇಳಿಯಲು ಎರಡು ಮೂರು ವಾರ ಬೇಕು, ಮುಖ ಪೂರ್ತಿ ತನ್ನದೆನಿಸಲು ತಿಂಗಳುಗಟ್ಟಲೆ. ಏಪ್ರಿಲ್ ತೀರ ಹತ್ತಿರ. ಮುಂಗಡ ಹೋದರೆ ಹೋಗಲಿ. (ಹೋಯಿತು ಕೂಡ. ಮೂರು ಸಲ ಫೋನ್ ಮಾಡಿದರೂ ಹಿಂದೆ ಬರಲಿಲ್ಲ.) ಎರಡು ಕಡೆ ಸರ್ಜನರನ್ನೇ ಖುದ್ದು ಕಾಣಬೇಕು. ಎಂಬಿಬಿಎಸ್, ಎಂಎಸ್ ಆದ ಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ (ಈಗ ಡಿಆರ್‌ಎನ್‌ಬಿ) ಎಂಬ ಉನ್ನತ ಪದವಿ ಇದೆಯೇ ಎಂದು ಕೇಳಬೇಕು. ಮುಖದ ಶಸ್ತ್ರಚಿಕಿತ್ಸೆಯಲ್ಲೇ ಪ್ರತ್ಯೇಕ ತರಬೇತಿ ಪಡೆದ ಇಎನ್‌ಟಿ ಸರ್ಜನರೂ ಇದ್ದಾರೆ. ನೋಂದಣಿ ಸಂಖ್ಯೆ ಬರೆದುಕೊಂಡು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ತಾಳೆ ನೋಡಬೇಕು. ಆಸ್ಪತ್ರೆಗೆ ಕೆಪಿಎಂಇ (ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆ) ನೋಂದಣಿ ಇರಬೇಕು, ಅರಿವಳಿಕೆ ಕೊಡಲು ಬೇರೆ ತಜ್ಞರು ಇರಬೇಕು, ರಾತ್ರಿ ಉಳಿಯುವ ವ್ಯವಸ್ಥೆ ಇರಬೇಕು. ನಿಮ್ಮ ವಯಸ್ಸಿನವರ ಫೋಟೋ ತೋರಿಸಿ ಎನ್ನಿ, ಅದೂ ವರ್ಷ ಕಳೆದ ಮೇಲಿನದು. ಈ ಆಪರೇಷನ್ ಎಷ್ಟು ಮಾಡಿದ್ದೀರಿ, ಕೆಟ್ಟರೆ ಯಾರು ಸರಿ ಮಾಡುತ್ತೀರಿ, ಆ ಖರ್ಚು ಯಾರದು ಎಂದು ಕೇಳಿ. ಸಿಟ್ಟಾಗುವವರಿದ್ದರೆ ಎದ್ದು ಬನ್ನಿ. ಬಿಪಿ ಮಾತ್ರೆ, ಆಸ್ಪಿರಿನ್ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಆದರೆ ತಿನ್ನುವುದೆಲ್ಲ ಹೇಳಿ. ಸೌಂದರ್ಯಕ್ಕೆಂದು ಮಾಡಿಸುವುದಕ್ಕೆ ಆರೋಗ್ಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ, ಕೊಯ್ಲಿನ ಲೆಕ್ಕ ನೋಡಿಕೊಳ್ಳಿ.

ಕೊನೆಯದಾಗಿ, ಒಬ್ಬರಿಗಾದರೂ ಹೇಳಿ. ಅವರು ಇದಕ್ಕೇ ಬಹಳ ಹೊತ್ತು ತಗೊಂಡರು. ಶಸ್ತ್ರಚಿಕಿತ್ಸೆಗೆ ಒಂದು ವಾರ ಯೋಚಿಸಿದ್ದವರು ಮಗಳಿಗೆ ಫೋನ್ ಮಾಡಲು ಐದು ವಾರ ಯೋಚಿಸಿದರು. ನಗುತ್ತಾಳೆ ಎಂಬ ಭಯ. ಮಗಳು ನಗಲಿಲ್ಲ, ಜಗಳ ಮಾಡಿದಳು. "ಅಪ್ಪ ಇದ್ದಾಗಲೂ ನೀನು ಹೀಗೇ ಎಲ್ಲ ಮುಚ್ಚಿಡ್ತಿದ್ದೆ" ಎಂದಳಂತೆ. ಆ ಒಂದು ಮಾತಿಗೆ ನಾವು ಮುಂದಿನ ಎರಡು ಭೇಟಿಗಳನ್ನು ಕಳೆದೆವು. ಅದನ್ನು ಇಲ್ಲಿ ಬರೆಯುವುದಿಲ್ಲ.

ಮದುವೆ ಇದ್ದ ಮುಖದಲ್ಲೇ ಆಯಿತು. ಮಳೆಗಾಲದಲ್ಲಿ ಮಾಡಿಸಿದರೆ ಕೊಡೆಯ ಕೆಳಗೆ ಯಾರೂ ಮುಖ ನೋಡಲ್ಲ ಎಂದು ಒಮ್ಮೆ ಲೆಕ್ಕ ಹಾಕಿದ್ದರು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದನ್ನು ನೆನಪಿಸಿಕೊಂಡು ತಾವೇ ಬಿಟ್ಟರು. ಮೊದಲು ಕಂಡ ಸರ್ಜನ್ ಬಿಪಿ ಹತೋಟಿಗೆ ಬಂದು, ತೂಕ ಆರು ತಿಂಗಳು ಒಂದೇ ಸಮ ನಿಂತು, ಹೊಗೆಸೊಪ್ಪು ಬಿಟ್ಟ ಮೇಲೆ ಬನ್ನಿ ಎಂದು ವಾಪಸ್ ಕಳಿಸಿದರು. ಮುತ್ತಮ್ಮನವರಿಗೆ ಸಿಟ್ಟು ಬಂತು. ನನಗೆ ಆ ಡಾಕ್ಟರ ಮೇಲೆ ನಂಬಿಕೆ ಬಂದದ್ದೇ ಆಗ. ತುಲಾ ಸಂಕ್ರಮಣ ಕಳೆದು, ಕೊಯ್ಲು ಶುರುವಾಗುವ ಮೊದಲು ಅವರ ಹತ್ತಿರವೇ ಕೆಳಮುಖಕ್ಕೂ ಕತ್ತಿಗೂ ಮಾಡಿಸಿಕೊಂಡರು. ಮಗಳು ಹದಿನೈದು ದಿನ ರಜೆ ಹಾಕಿ ಮೈಸೂರಿನಲ್ಲೇ ಕೋಣೆ ಹಿಡಿದು ಜೊತೆಗಿದ್ದಳು.

ಮಾರ್ಚಿನಲ್ಲಿ, ಹೂಮಳೆ ಬಿದ್ದ ವಾರ, ಕಾಫಿ ಪುಡಿಯ ಪೊಟ್ಟಣ ಹಿಡಿದು ಬಂದರು. ದವಡೆ ನೆಟ್ಟಗಾಗಿದೆ. ವಯಸ್ಸು ಇಳಿದಂತೇನೂ ಇಲ್ಲ, ಚೆನ್ನಾಗಿ ನಿದ್ದೆ ಮಾಡಿ ಎದ್ದವರ ಹಾಗಿದ್ದಾರೆ. ಎಡಗಿವಿ ಇನ್ನೂ ಜೋಮು ಹಿಡಿದಂತಿದೆಯಂತೆ. ಕಿವಿಗೆ ಹೋಗುವ ನರಕ್ಕೆ ಹೀಗಾಗುವುದುಂಟು, ನಿಧಾನ ಕಡಿಮೆಯಾಗಬಹುದು ಎಂದು ಸರ್ಜನ್ ಮೊದಲೇ ಹೇಳಿದ್ದರು.

"ಓಲೆ ಇದೆಯೋ ಬಿದ್ದಿದೆಯೋ ಗೊತ್ತೇ ಆಗಲ್ಲ ಮೇಡಂ. ಈಗ ಕನ್ನಡಿ ನೋಡೋದು ಅದಕ್ಕೇ" ಎಂದು ಕಿವಿ ಮುಟ್ಟಿಕೊಂಡರು. ಓಲೆ ಇತ್ತು.