ವಿದೇಶಿ ಸಿಮೆಂಟ್ ಶಿವಮೊಗ್ಗದ ಅಂಗಡಿಗಳಲ್ಲಿ ಯಾಕೆ ಕಾಣುವುದಿಲ್ಲ?

ಸಾಗಣೆ ಖರ್ಚೇ ಮುಖ್ಯ ಕಾರಣ. ಸಿಮೆಂಟ್ ತೂಕ ಜಾಸ್ತಿ, ತೂಕಕ್ಕೆ ಹೋಲಿಸಿದರೆ ಬೆಲೆ ಕಡಿಮೆ. ಮಂಗಳೂರಿನ ತನಕ ಹಡಗಿನಲ್ಲಿ ಅಗ್ಗವಾಗಿಯೇ ಬರಬಹುದು. ಅಲ್ಲಿಂದ ಲಾರಿಯಲ್ಲಿ ಘಟ್ಟ ಹತ್ತಿಸುವಷ್ಟರಲ್ಲಿ ಲಾಭವೆಲ್ಲ ಡೀಸೆಲ್ಲಿಗೆ ಹೋಗುತ್ತದೆ. ಸುಣ್ಣದ ಕಲ್ಲು ಹೇರಳವಾಗಿರುವ ಕಲಬುರಗಿ ಕಡೆಯೇ ಕಾರ್ಖಾನೆಗಳಿರುವಾಗ ಈ ಉಸಾಬರಿ ಯಾಕೆ, ಅಲ್ವಾ?

ಹಾಗಂತ ದೇಶಗಳ ನಡುವೆ ವ್ಯಾಪಾರವೇ ಇಲ್ಲ ಅಂತಲ್ಲ. ವಿಯೆಟ್ನಾಂ, ಟರ್ಕಿ ದೊಡ್ಡ ರಫ್ತುದಾರರು. ಆದರೆ ಸಿಮೆಂಟ್ ಪುಡಿಗೆ ತೇವ ಆಗಿಬರುವುದಿಲ್ಲ. ತೀರ್ಥಹಳ್ಳಿ ಮಳೆಯಲ್ಲಿ ಮನೆ ಕಟ್ಟಿಸಿದವರನ್ನು ಕೇಳಿ: ನೆಲಕ್ಕೆ ತಾಗಿಸಿ ಇಟ್ಟ 50 ಕೆಜಿ ಮೂಟೆ ಕಲ್ಲಾಗಿಬಿಡುತ್ತದೆ. ಅದಕ್ಕೇ ಹಡಗುಗಳಲ್ಲಿ ಕ್ಲಿಂಕರ್ ಕೂಡ ಸಾಕಷ್ಟು ಹೋಗುತ್ತದೆ. ಸುಣ್ಣದ ಕಲ್ಲು, ಜೇಡಿಮಣ್ಣನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಸಿಗುವ ಬೂದು ಉಂಡೆಗಳಿವು. ಬಂದರಿನ ಹತ್ತಿರ ಜಿಪ್ಸಂ ಸೇರಿಸಿ ಅರೆದರೆ ಸಿಮೆಂಟ್.