ಜ್ಞಾನ ಬಂದ್ರ ಕರ್ಮ ಎಲ್ಲಾ ಸುಟ್ಟು ಹೋಗ್ತದಂತ, ಹಂಗಾದ್ರ ಅಂಗಡಿ ತಮ್ಮಗ ಬಿಟ್ಟು ಪೂರ್ತಿ ವೇದಾಂತಕ್ಕ ಕೂಡ್ಲಾ?

ಬ್ಯಾಡ್ರಿ ಸರ. ನೀವು ಬರ್ದೀರಲ್ಲ ಗೀತಾದ 4ನೇ ಅಧ್ಯಾಯದ 37ನೇ ಶ್ಲೋಕ, ಬೆಂಕಿ ಕಟ್ಟಿಗಿ ಸುಟ್ಟಂಗ ಜ್ಞಾನಾಗ್ನಿ ಎಲ್ಲಾ ಕರ್ಮ ಭಸ್ಮ ಮಾಡ್ತದ ಅನ್ನೋದು, ಅದನ್ನೇ ಹಿಡ್ಕೊಂಡು ನಾನೂ ಮನ್ಯಾಗ ಕೂತಿದ್ದೆ.

ನಮ್ದು ಸಿಂಧನೂರು ಕಡೆ, ತುಂಗಭದ್ರಾ ಎಡದಂಡಿ ಕಾಲುವಿ ಕೊನೀ ಭಾಗದ ಗದ್ದಿ. ನೀರು ಪಾಳಿ ಮ್ಯಾಲ ಬರ್ತದ, ರಾತ್ರಿ ಕಾದು ತಿರುಗಿಸ್ಕೋಬೇಕು, ಇಲ್ಲಂದ್ರ ಮ್ಯಾಲಿನವರ ಹೊಲಕ್ಕೇ ಮುಗೀತದ. ಭತ್ತ ತೆನಿ ಹಾಯೋ ಟೈಮ್‌ನಾಗ ಅಪ್ಪಗ ಜ್ವರ, ಪಾಳಿಗೆ ಹೋಗಪಾ ಅಂದ. ನಾ ಯೂಟ್ಯೂಬ್‌ನಾಗ ಪ್ರವಚನ ಕೇಳ್ಕೋತ, ಪ್ರಾರಬ್ಧದಾಗಿದ್ರ ನೀರು ಬರ್ತದ ಬಿಡು ಅಂದೆ. ಮುಂದಿನ ಪಾಳಿಗೂ ಹಂಗೇ ಮಾಡ್ದೆ. ತೆನಿ ಎಲ್ಲಾ ಜೊಳ್ಳಾತು, ಸಾಲ ತೀರ್ಸಾಕ ಆಗ್ಲಿಲ್ಲ, ತಮ್ಮ ಡಿಗ್ರಿ ಅರ್ಧಕ್ಕ ಬಿಟ್ಟು ಬೆಂಗಳೂರಿಗೆ ದುಡಿಯಾಕ ಹೋದ.

ತಪ್ಪು ಎಲ್ಲಾತು ಅಂದ್ರ, ಸುಟ್ಟು ಹೋಗೋ ಕರ್ಮ ಅಂದ್ರ ದಿನದ ಕೆಲಸ ಅಂತ ತಿಳ್ಕೊಂಡಿದ್ದೆ. ಅಲ್ರಿ. ಆ ಶ್ಲೋಕಕ್ಕ ಶಂಕರರ ಭಾಷ್ಯದಾಗ ಸಾಫ್ ಐತಿ, ಸುಡೋದು ಇನ್ನೂ ಫಲ ಕೊಡಾಕ ಶುರುವಾಗದ ಕರ್ಮ, ಹಿಂದಿನ ಜನ್ಮದಿಂದ ಕೂಡಿಬಿದ್ದ ಸಂಚಿತ ಕರ್ಮನೂ ಅದ್ರಾಗ ಬಂತು. ಈ ಶರೀರ ಹುಟ್ಟಿಸಿದ ಪ್ರಾರಬ್ಧ ಮಾತ್ರ ಉಂಡೇ ತೀರಬೇಕು. ಬಿಟ್ಟ ಬಾಣ ವೇಗ ಮುಗಿಯೋತನಕ ನಿಲ್ಲಲ್ಲ ಅಂತಾರಲ್ಲ, ಹಂಗ. ಅಂದ್ರ ಜ್ಞಾನಿಗೂ ಹಸಿವು ತಪ್ಪಿದ್ದಲ್ಲ, ನಾ ಅಂತೂ ಜ್ಞಾನೀನೂ ಅಲ್ಲ, ಕೇಳಿದವ ಅಷ್ಟೇ. ನಾನು ಮಾಡೋನು ಅನ್ನೋ ಭಾವ ಹೋದ್ರ ಅದು ಜ್ಞಾನ, ನನ್ನೊಳಗ 'ನಾನು ಬಿಟ್ಟೆ' ಅನ್ನೋನು ಗಟ್ಟಿಯಾಗೇ ಕೂತಿದ್ದ. ಅದೇ ಅಧ್ಯಾಯದ 18ನೇ ಶ್ಲೋಕ ಓದ್ರಿ, ಅಕರ್ಮದಾಗೂ, ಅಂದ್ರ ಏನೂ ಮಾಡದ ಕೂತಿದ್ರಾಗೂ, ಕರ್ಮ ಕಾಣೋನೇ ಬುದ್ಧಿವಂತ ಅಂತೈತಿ. ನಾ ಸುಮ್ನ ಕೂತಿದ್ದೂ ಕರ್ಮನೇ, ಅದರ ಫಲ ನನ್ನ ತಮ್ಮ ಉಂಡ.

ಅದಕ್ಕ ನಿಮ್ಮ ಪ್ರಶ್ನೇನೇ ನನಗ ಒಪ್ಪಿಗಿಲ್ಲ. ಜ್ಞಾನ ಬೇಕಾ ಅಂಗಡಿ ಬೇಕಾ ಅಂತ ತಕ್ಕಡಿ ಹಿಡಿಯೋ ವಿಷ್ಯ ಅಲ್ಲ ಇದು. ಜನಕರಾಜ ರಾಜ್ಯ ಆಳ್ಕೋತ್ಲೇ ಸಿದ್ಧಿ ಪಡೆದ ಅಂತ ಕೃಷ್ಣನೇ ಹೇಳ್ಯಾನ. ಅಷ್ಟ್ ದೂರ ಯಾಕ, ನಮ್ಮ ಲಿಂಗಸುಗೂರು ಕಡೆ ಅಮರೇಶ್ವರದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ, ಅಷ್ಟು ದೊಡ್ಡ ಶರಣರಾದ್ರೂ ಬಸವಣ್ಣನ ಕಲ್ಯಾಣದಾಗ ನೆಲಕ್ಕ ಬಿದ್ದ ಅಕ್ಕಿ ಆಯೋ ಕಾಯಕ ಬಿಡ್ಲಿಲ್ಲ, ಒಂದಿನ ಗಂಡ ಜಾಸ್ತಿ ಅಕ್ಕಿ ತಂದ್ರ ಆಕಿ ವಾಪಸ್ ಸುರುವಿ ಬಾ ಅಂತ ಕಳಿಸಿದ್ಲು.

ಖರೇ ವೈರಾಗ್ಯ ಬಂದಿದ್ರ ಗುರುಗಳ ಹತ್ರ ಹೋಗಿ ಸನ್ಯಾಸ ಕೇಳ್ರಿ. ಮನ್ಯಾಗ ಕೂತು ತಮ್ಮನ ದುಡಿಮಿ ಉಣ್ಣೋದು ಯಾವ ಆಶ್ರಮಾನೂ ಅಲ್ಲ. ಬೆಳಗ್ಗೆ ಅಂಗಡಿ ತೆಗಿಯೋಕ ಮುಂಚೆ ಓದ್ರಿ, 4ನೇ ಅಧ್ಯಾಯ ಆಮ್ಯಾಲ, ಮೊದ್ಲು 3ನೇದು, ಅದೂ ಭಾಷ್ಯ ಬಲ್ಲವ್ರ ಮುಂದ ಕೂತು. ಮತ್ತ ಅಂಗಡಿ ತಮ್ಮಗ ಬಿಡ್ತೀನಿ ಅಂದ್ರಲ್ಲ, ಅವನಿಗೆ ಏನ್ ಮಾಡೋ ಆಸೆ ಐತಿ ಅಂತ ಒಮ್ಮೆ ಕೇಳೀರೇನು?