ಒದ್ದೆ ಯೂನಿಫಾರ್ಮ್ ಹಾಕಿ ಮಗುವನ್ನು ಕಳಿಸಬೇಡಿ

ಸರ್ಕಾರಿ ಶಾಲೆಯ ಐದನೇ ಕ್ಲಾಸಿನ ಮಗಳಿಗೆ ಇರುವುದು ಒಂದೇ ಜೊತೆ ಯೂನಿಫಾರ್ಮ್, ಮಳೆಗಾಲದಲ್ಲಿ ಒಣಗುವುದಿಲ್ಲ, ಬಣ್ಣದ ಬಟ್ಟೆ ಹಾಕಿದರೆ ಹೊರಗೆ ನಿಲ್ಲಿಸುತ್ತಾರೆ, ಹೀಗಿರುವಾಗ ಕಡ್ಡಾಯ ಯಾಕೆ ಎಂದು ಕೇಳಿದ್ದೀರಿ.

ಸಮವಸ್ತ್ರ ಬೇಕು ಅನ್ನುವವಳು ನಾನು. ನಮ್ಮ ಶಾಲೆಯಲ್ಲಿ ಹುಟ್ಟುಹಬ್ಬದ ದಿನ ಮಾತ್ರ ಬಣ್ಣದ ಬಟ್ಟೆ ಹಾಕಬಹುದಿತ್ತು. ಹೊಸ ಲಂಗ ಇಲ್ಲದ ನಾನು ಅವತ್ತೂ ಯೂನಿಫಾರ್ಮಿನಲ್ಲೇ ಹೋಗಿ, ಹುಟ್ಟುಹಬ್ಬದ ವಿಷಯ ಯಾರಿಗೂ ಹೇಳುತ್ತಿರಲಿಲ್ಲ. ಆ ಸಂಕಟ ವರ್ಷಕ್ಕೆ ಒಂದೇ ದಿನ ಇತ್ತು. ದಿನಾ ಬಣ್ಣದ ಬಟ್ಟೆಯಾಗಿದ್ದರೆ ದಿನಾ ಇರುತ್ತಿತ್ತು.

ಆದರೆ ಕಡ್ಡಾಯ ಮಾಡುವವರು ಮೊದಲು ಬಟ್ಟೆ ಕೊಡಬೇಕು. ಒಂದು ಜೊತೆ ರಾಜ್ಯ ಸರ್ಕಾರದ ವಿದ್ಯಾವಿಕಾಸ ಯೋಜನೆಯಲ್ಲಿ ಬರುತ್ತದೆ, ಅದೂ ಹೆಚ್ಚಾಗಿ ಬರೀ ಬಟ್ಟೆ, ಹೊಲಿಗೆ ಕೂಲಿ ನಮ್ಮದೇ. ಎಂಟನೇ ಕ್ಲಾಸಿನವರೆಗೆ ಎರಡನೇ ಜೊತೆಗೆ ಕೇಂದ್ರ, ರಾಜ್ಯ ಎರಡೂ ಸೇರಿ ನಡೆಸುವ ಸಮಗ್ರ ಶಿಕ್ಷಣ ಯೋಜನೆಯ ಅನುದಾನ ಇದೆ. ಅದು ಯಾಕೆ ಬಂದಿಲ್ಲ ಎಂದು ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಕೇಳಿ, ನಾಲ್ಕು ಜನ ಪೋಷಕರು ಒಟ್ಟಿಗೆ ಹೋಗಿ ಕೇಳಿ. ಉತ್ತರ ಸಿಗದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.

ಹೊರಗೆ ನಿಲ್ಲಿಸುವುದಂತೂ ತಪ್ಪೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಮುಖ್ಯ ಶಿಕ್ಷಕರ ಹತ್ತಿರ ನೀವೇ ಹೋಗಿ, ಮೆಲ್ಲಗೆ ಆದರೆ ಸ್ಪಷ್ಟವಾಗಿ ಇದನ್ನು ಹೇಳಿ. ಮಗಳ ಕೈಯಲ್ಲಿ ಚೀಟಿ ಮಾತ್ರ ಕಳಿಸಬೇಡಿ, ಬೈಗುಳ ಅವಳಿಗೇ ಬೀಳುತ್ತದೆ.